ನೀಲಿ ಗೌನಿನ ಅಳತೆ

"ಉಸಿರು ಒಳಗೆ ಎಳ್ಕೊಳಮ್ಮ," ಎಂದಳು ಲಾವೋನ್, ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ. ಅಭ್ಯಾಸಬಲ. ಅಂದ ಮೇಲೆ ಅವಳ ಕೈ ಇದ್ದಲ್ಲೇ ನಿಂತಿತು.

ಸ್ಟೂಲಿನ ಮೇಲೆ ನಿಂತಿದ್ದ ಐಡೆಲ್ ಕಿಟಕಿಯ ಕಡೆಯಿಂದ ಮುಖ ತಿರುಗಿಸಲಿಲ್ಲ. "ಎಳ್ಕೊಳ್ಳೋಕೆ ಏನು ಉಳಿದಿದ್ಯೇ ಹುಡುಗಿ? ನೀನು ಚುಚ್ಚು. ನಂಗೇನೂ ಆಗಲ್ಲ."

ಟೇಪಿನಲ್ಲಿ ಸೊಂಟ ಇಪ್ಪತ್ತನಾಲ್ಕೂವರೆ ಇಂಚು. ಹೋದ ಗುರುವಾರ ಇಪ್ಪತ್ತಾರಿತ್ತು. ಅದರ ಹಿಂದಿನ ಗುರುವಾರ ಇಪ್ಪತ್ತೇಳೂಕಾಲು. ಬದುಕಿದ್ದಾಗ ಐಡೆಲ್‌ಳ ಸೊಂಟ ಮೂವತ್ತಾರು. ಕೊನೆಯ ಬೇಸಿಗೆಯಲ್ಲಿ, ತಮ್ಮವರನ್ನೆಲ್ಲ ಒಬ್ಬೊಬ್ಬರಾಗಿ ಒಯ್ಯುತ್ತಿದ್ದ ಆ ರೋಗ ಅವಳನ್ನು ಹಿಂಡಿ ಹಾಕಿದಾಗಲೂ ಮೂವತ್ತಕ್ಕಿಂತ ಕೆಳಗೆ ಇಳಿದಿರಲಿಲ್ಲ. ಲಾವೋನ್ ಗೌನಿನ ಬೆನ್ನನ್ನು ಮಡಿಸಿ ಹಿಡಿದಳು. ಬೆರಳಿಗೆ ಸಿಕ್ಕಿದ್ದು ಮಣಿಗಳ ಭಾರ ಮಾತ್ರ. ಅದರ ಕೆಳಗೆ ಬಿಸಿಯೂ ಇಲ್ಲ, ತಣ್ಣಗೂ ಇಲ್ಲ. ಬೀರುವಿನಲ್ಲಿ ತೂಗುಹಾಕಿದ ಕೋಟಿನೊಳಗೆ ಕೈ ಹಾಕಿದ ಹಾಗಿತ್ತು.

ಐಡೆಲ್ ಸತ್ತು ಹದಿಮೂರು ತಿಂಗಳಾಗಿತ್ತು.

ಹೊರಗೆ ನವೆಂಬರಿನ ಮೂರು ಗಂಟೆಯ ಬಿಸಿಲು. ಕೆಳಗಿನ ಅಂಗಡಿಯಲ್ಲಿ ಮೀನು ಕರಿಯುವ ವಾಸನೆ ಮೂರನೇ ಮಹಡಿಯವರೆಗೂ ಹತ್ತಿ ಬಂದಿತ್ತು. ಲೆನಾಕ್ಸ್ ಅವೆನ್ಯೂನಲ್ಲಿ ಯಾರೋ ಯಾರನ್ನೋ ಹೆಸರು ಹಿಡಿದು ಕೂಗುತ್ತಿದ್ದರು. ಬದುಕಿದ್ದಾಗಲೂ ಐಡೆಲ್ ಬರುತ್ತಿದ್ದದ್ದು ಇದೇ ಹೊತ್ತಿಗೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳಿಗೆ ಗುರುವಾರ ರಜೆ. ಹತ್ತು ವರ್ಷ ಪ್ರತಿ ಗುರುವಾರ ಮೂರಕ್ಕೆ ಮೆಟ್ಟಿಲ ಮೇಲೆ ಅವಳ ಹೈಹೀಲ್ಸ್ ಸದ್ದು ಕೇಳುತ್ತಿತ್ತು. ಮಣ್ಣು ಮಾಡಿ ಬಂದ ಐದನೇ ಗುರುವಾರವೂ ಕೇಳಿಸಿತು. ಆದರೆ ಹೆಂಗಸಿನ ಹೈಹೀಲ್ಸ್ ಅಲ್ಲ, ಗಂಡಸಿನ ಬೂಟು.

ಆ ಬೂಟು ಈಗ ಬಾಗಿಲ ಪಕ್ಕದಲ್ಲಿ ಜೋಡಿಯಾಗಿ ಕೂತಿತ್ತು. ಕುರ್ಚಿಯ ಮೇಲೆ ಕಂದು ಸೂಟು. ಊರಿನವರು ಐಡೆಲ್‌ಳನ್ನು ಶವಪೆಟ್ಟಿಗೆಯಲ್ಲಿ ಮಲಗಿಸಿದ್ದು ಅದರಲ್ಲೇ. ಹೆಣಕ್ಕೆ ತೊಡಿಸುವಾಗ ಸುಲಭವಾಗಲೆಂದು ಕೋಟಿನ ಬೆನ್ನನ್ನು ಉದ್ದಕ್ಕೂ ಕತ್ತರಿಸಿ ನಾಲ್ಕು ಲಾಡಿ ಕಟ್ಟಿದ್ದರು. ಮೊದಲ ಸಲ ಬಂದಾಗ ಅದು ಐಡೆಲ್‌ಳ ಮೈಮೇಲೆ ಗೋಣಿಚೀಲದ ಹಾಗೆ ಜೋತಾಡುತ್ತಿತ್ತು, ಭುಜ ಕೊಡವಿದರೆ ಬೀಳುತ್ತಿತ್ತು. ಲಾವೋನ್ ಆ ಸೂಟಿಗೆ ಒಂದೇ ಒಂದು ಹೊಲಿಗೆಯನ್ನೂ ಹಾಕಿದವಳಲ್ಲ. ಆದರೂ ಗೌನು ವಾರವಾರ ದೊಗಳೆಯಾದಂತೆ ಸೂಟು ವಾರವಾರ ಮೈಗೆ ಕೂರುತ್ತಿತ್ತು. ಇವತ್ತು ಅದನ್ನು ಬಿಚ್ಚಲು ಇಪ್ಪತ್ತು ನಿಮಿಷ ಹಿಡಿಯಿತು. ಲಾಡಿಗಳ ಗಂಟು ಉಗುರಿಗೆ ಬಗ್ಗಲಿಲ್ಲ.

"ಭಾನುವಾರದ ಬಾಲ್‌ಗೆ ಯಾರ‍್ಯಾರು ಬರ್ತಾರೆ?" ಎಂದಳು ಐಡೆಲ್.

"ಎಲ್ರೂ. ಷರ್ಮೇನ್ ಈ ಸಲ ಗೌನಿನ ಸುತ್ತಲ್ಲಿ ನಡೀತಾಳಂತೆ."

"ಯಾರು?"

"ಷರ್ಮೇನ್ ಅಮ್ಮ. ನೀನೇ ಹೆಸರಿಟ್ಟಿದ್ದು. ನಿನ್ನ ಮೂರನೇ ಮಗಳು."

"ಓ, ಆ ಉದ್ದ ಹುಡುಗಿ," ಎಂದಳು ಐಡೆಲ್. ಮೂರು ತಿಂಗಳ ಹಿಂದೆ ಅವಳು ಹನ್ನೊಂದು ಮಕ್ಕಳನ್ನೂ ಹೆಸರು ಹಿಡಿದು ವಿಚಾರಿಸುತ್ತಿದ್ದಳು.

ಸಪೆಲೊ ಮನೆತನವೆಂದರೆ ಹೆತ್ತವರು ಹೊರಗೆ ಹಾಕಿದ ಈ ಹನ್ನೊಂದು ಮಕ್ಕಳು ಮತ್ತು ಅವರ ತಾಯಿಯಾಗಿ ನಿಂತ ಐಡೆಲ್. ಇವರಲ್ಲಿ ಒಬ್ಬರೂ ಹುಟ್ಟಿದಾಗ ಇಟ್ಟ ಹೆಸರನ್ನು ಉಳಿಸಿಕೊಂಡಿಲ್ಲ. ಬಾಲ್ ಅಂದರೆ ವರ್ಷಕ್ಕೆ ನಾಲ್ಕಾರು ಸಲ ಈ ಮನೆತನಗಳೆಲ್ಲ ಹಾಲ್ ಹಿಡಿದು, ಗಂಡಾಗಿ ಹುಟ್ಟಿದವರು ರಾಣಿಯರ ಹಾಗೆ ನಡೆದು, ಐವರು ತೀರ್ಪುಗಾರರ ಕೈಯಲ್ಲಿ ಹತ್ತಕ್ಕೆ ಹತ್ತು ಹಾಕಿಸಿಕೊಳ್ಳುವ ದಿನ. ಹಾದಿಬೀದಿಯಲ್ಲಿ ಯಾರೂ ಗಂಡೆಂದು ಗುರುತು ಹಿಡಿಯದ ಹಾಗೆ ನಡೆಯುವುದೇ ಅಲ್ಲಿನ ವಿದ್ಯೆ. ಆ ವಿದ್ಯೆಯಲ್ಲಿ ಐಡೆಲ್‌ಳನ್ನು ಮೀರಿಸಿದವರಿರಲಿಲ್ಲ. "ಒಂದು ತಪ್ಪು ಇಟ್ಕೋ ಕಣೇ," ಎಂದು ಅವಳು ಲಾವೋನ್‌ಗೆ ಹೇಳಿಕೊಟ್ಟಿದ್ದಳು. "ನಿಜವಾದ ಹೆಂಗಸಿನ ಕಾಲುಚೀಲ ಎಲ್ಲೋ ಒಂದು ಕಡೆ ಎಳೆ ಬಿಟ್ಟಿರತ್ತೆ. ತಪ್ಪೇ ಇಲ್ಲದವಳನ್ನ ನೋಡಿದ್ರೆ ಪೊಲೀಸರಿಗೆ ಅನುಮಾನ ಬರತ್ತೆ." ಅಂದಿನಿಂದ ಲಾವೋನ್ ಹೊಲಿದ ಪ್ರತಿ ಬಟ್ಟೆಯಲ್ಲೂ ಬೇಕೆಂದೇ ಬಿಟ್ಟ ಒಂದು ತಪ್ಪಿರುತ್ತಿತ್ತು.

ಅವಳ ಜೀವನದ ದೊಡ್ಡ ತಪ್ಪು ಮಾತ್ರ ಬೇರೆ. ಅದೀಗ ಸ್ಟೂಲಿನ ಮೇಲೆ ನಿಂತಿತ್ತು.

ಈ ಗೌನನ್ನು ಅವಳು ಏಳು ತಿಂಗಳು ಕೂತು ಹೊಲಿದಿದ್ದಳು. ಐಡೆಲ್‌ಳ ಊರಾದ ಬ್ಯೂಫರ್ಟ್‌ನಲ್ಲಿ ಜಗಲಿಯ ಸೂರಿಗೆ ಬಳಿಯುವ ತಿಳಿನೀಲಿ. ದೆವ್ವಗಳು ಆ ನೀಲಿಯನ್ನು ನೀರೆಂದುಕೊಂಡು ದಾಟುವುದಿಲ್ಲವಂತೆ. ನಾಲ್ಕು ಸಾವಿರ ಗಾಜಿನ ಮಣಿ. ಐಡೆಲ್ ಸತ್ತಾಗ ಲಾವೋನ್ ಅದನ್ನು ಡಬ್ಬಿಯಲ್ಲಿಟ್ಟುಕೊಂಡು ಹದಿನೈದು ಗಂಟೆ ಬಸ್ಸಿನಲ್ಲಿ ಬ್ಯೂಫರ್ಟ್‌ಗೆ ಹೋಗಿದ್ದಳು. ಐಡೆಲ್‌ಳ ಅಕ್ಕ ಡಬ್ಬಿಯ ಮುಚ್ಚಳ ತೆಗೆದು ನೋಡಿ, ಮುಚ್ಚಿ, ವಾಪಸು ಕೊಟ್ಟಳು. "ನಮ್ಮ ಹುಡುಗನಿಗೆ ಬಟ್ಟೆ ಇದೆ." ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತು ಲಾವೋನ್ ಕೇಳಿದ್ದು ಸಹೋದರ ಐಸಾಯಾ ಮಂಗಿನ್ ಎಂಬ ಯಾರದೋ ಗುಣಗಾನ. ಐಡೆಲ್ ಎಂಬ ಹೆಸರು ಒಂದು ಸಲವೂ ಬರಲಿಲ್ಲ.

ಊರಲ್ಲಿ ಏನೇ ಮಾಡಲಿ, ಮನೆತನಕ್ಕೆ ತನ್ನದೇ ಪದ್ಧತಿ ಇತ್ತು. ಅದನ್ನು ತಂದವಳೂ ಐಡೆಲ್ಲೇ. ಅವಳ ಸೀಮೆಯಲ್ಲಿ ಸತ್ತವರು ಕೊನೆಗೆ ಬಳಸಿದ ಬಟ್ಟಲು, ದೀಪ, ಗಡಿಯಾರ ಎಲ್ಲ ಒಡೆದು ಗೋರಿಯ ಮೇಲಿಡುತ್ತಾರೆ. ಇಡಿಯಾಗಿಟ್ಟರೆ ಸತ್ತವರು ಅದನ್ನು ಹುಡುಕಿಕೊಂಡು ಬರುತ್ತಾರೆ. ಹಾಗೆಯೇ ಸಪೆಲೊ ಮನೆತನದಲ್ಲಿ ಯಾರಾದರೂ ಹೋದರೆ ಅವರ ಒಳ್ಳೆಯ ಗೌನನ್ನು ಕತ್ತರಿಸಿ ಒಬ್ಬೊಬ್ಬರಿಗೆ ಒಂದೊಂದು ತುಂಡು. ಕತ್ತರಿಸುವ ಕೆಲಸ ಹೊಲಿದವಳದು.

ಲಾವೋನ್‌ಗೆ ಕೈ ಬರಲಿಲ್ಲ. ಹನ್ನೊಂದು ದಿನ ಬಾಗಿಲು ಹಾಕಿಕೊಂಡು, ಉಳಿದ ಬಟ್ಟೆಗೆ ಪ್ಲಾಸ್ಟಿಕ್ ಮಣಿ ಪೋಣಿಸಿ, ಅದರಂಥದೇ ಇನ್ನೊಂದು ಗೌನು ಹೊಲಿದಳು. ಅದನ್ನು ಎಲ್ಲರೆದುರು ಕತ್ತರಿಸಿದಳು. ಕತ್ತರಿ ಆಡುವಾಗ ಅತ್ತಳು ಕೂಡ. ಮಕ್ಕಳೆಲ್ಲ ತುಂಡನ್ನು ಎದೆಗೊತ್ತಿಕೊಂಡು ಹೋದರು. ಯಾರಿಗೂ ಗೊತ್ತಾಗಲಿಲ್ಲ.

"ಲಾವೋನ್," ಎಂದಳು ಐಡೆಲ್ ಈಗ, ಹೆಸರನ್ನು ರುಚಿ ನೋಡುವವಳ ಹಾಗೆ. "ನಿನ್ನ ನಾನು ಮೊದಲು ಎಲ್ಲಿ ನೋಡಿದ್ದು?"

ಲಾವೋನ್ ಸೂಜಿಗಳನ್ನು ತುಟಿಯಿಂದ ತೆಗೆದಳು. "ಬಸ್ ನಿಲ್ದಾಣದಲ್ಲಮ್ಮ. ನಂಗೆ ಹದಿನಾರು. ಅಪ್ಪ ಹೊರಗೆ ಹಾಕಿದ್ದ. ಎರಡು ದಿನದಿಂದ ಒಂದೇ ಬೆಂಚಲ್ಲಿ ಕೂತಿದ್ದೆ. ನೀನು ಬಂದು, 'ಆ ಅಂಗಿ ಯಾರೇ ಹೊಲಿದಿದ್ದು, ಕುರುಡನಾ?' ಅಂದೆ. ನಿನ್ನ ಕೋಟು ಬಿಚ್ಚಿ ನಂಗೆ ಹೊದಿಸಿದೆ." ಅವಳು ಒಂದು ಗಳಿಗೆ ತಡೆದಳು. ಕೋಟು ಕೆಂಪಗಿತ್ತು. ಇಟ್ಟಿಗೆ ಕೆಂಪು, ಕಾಲರಿಗೆ ಕಪ್ಪು ಮಖಮಲ್ಲು. "ಹಸಿರು ಕೋಟು," ಎಂದಳು.

ಬಣ್ಣದ ವಿಷಯದಲ್ಲಿ ಐಡೆಲ್ ದೇವರನ್ನೂ ಬಿಟ್ಟವಳಲ್ಲ. 'ಹಸಿರಂತೆ! ನಾನೇನು ಕಪ್ಪೆಯೇನೇ?' ಎಂದು ಬೈಯಬೇಕಿತ್ತು. ಲಾವೋನ್ ಕಾದಳು.

"ಹಸಿರು ಕೋಟು," ಎಂದಳು ಐಡೆಲ್, ಮೆಲ್ಲಗೆ ತಲೆಯಾಡಿಸಿ.

ದಣಿದಿದ್ದಾಳೆ, ಅದಕ್ಕೆ, ಎಂದುಕೊಂಡಳು ಲಾವೋನ್. ಭಾನುವಾರ ಹಾಲ್‌ನಲ್ಲಿ ನಡೆದರೆ, ಮುನ್ನೂರು ಜನ ಒಂದೇ ಬಾಯಲ್ಲಿ ಐಡೆಲ್ ಎಂದು ಕೂಗಿದರೆ, ಎಲ್ಲ ನೆನಪಾಗುತ್ತದೆ. ಹೆಸರು ವಾಪಸು ಬಂದರೆ ಅಳತೆಯೂ ವಾಪಸು ಬರುತ್ತದೆ. ಅವಳು ಹೊಲಿಗೆಯನ್ನು ಒಂದೂವರೆ ಇಂಚು ಒಳಗೆ ಹಿಡಿದಳು.

ಶುಕ್ರವಾರ ಮಧ್ಯಾಹ್ನ ಮಿಸ್ ಕ್ಲೋಟೀಲ್ ಮೂರು ಮಹಡಿ ಹತ್ತಿ ಬಂದರು. ಎಪ್ಪತ್ತಮೂರು ವರ್ಷ. ಈ ಬೀದಿಗಳಲ್ಲಿ ಮನೆತನಗಳು ಹುಟ್ಟುವ ಎಷ್ಟೋ ಮೊದಲು, ಲಾಡ್ಜ್ ಎಂಬ ಸಹಾಯಸಂಘದವರೇ ಬಾಲ್ ನಡೆಸುತ್ತಿದ್ದ ಕಾಲದಲ್ಲಿ ಹದಿನೆಂಟರ ಹರೆಯದಲ್ಲಿ ನಡೆದವರು. ಈಗ ಬಾಲ್ ಇದ್ದ ದಿನ ಬಾಗಿಲಲ್ಲಿ ಕೂರುತ್ತಾರೆ.

"ನಿನ್ನ ಮೆಟ್ಟಿಲು ಹತ್ತಿ ಸತ್ರೆ ನನ್ನ ಗೌನು ಯಾರೇ ಕತ್ತರಿಸ್ತಾರೆ?" ಎನ್ನುತ್ತ ಕುರ್ಚಿಯಲ್ಲಿ ಕುಕ್ಕರಿಸಿದರು. "ಆರು ತಿಂಗಳಾಯ್ತು ನಿನ್ನ ಮುಖ ನೋಡಿ. ಗಿರಾಕಿಗಳನ್ನೂ ಓಡಿಸ್ತಿದೀಯಂತೆ. ಗಂಡು ಸಿಕ್ಕಿದಾನಾ?"

"ಸಿಕ್ಕಿದ್ರೆ ನಿಮಗೆ ಹೇಳ್ದೆ ಇರ‍್ತೀನಾ, ಮಿಸ್ ಕ್ಲೋಟೀಲ್? ಕಿತ್ಕೊಂಡು ಹೋಗ್ತೀರಿ."

"ಅದೂ ಸರಿಯೇ." ಅವರು ನಗಲಿಲ್ಲ. ಪರ್ಸಿನಿಂದ ಒಂದು ಕರವಸ್ತ್ರ ತೆಗೆದು ಬಿಚ್ಚಿದರು. ಒಳಗೆ ಅಂಗೈಯಗಲದ ನೀಲಿ ತುಂಡು. ಅದನ್ನು ಬಾಯಿಯ ಹತ್ತಿರ ತಂದು ಒಂದು ಮಣಿಯನ್ನು ಮುಂದಿನ ಹಲ್ಲಿಗೆ ತಾಗಿಸಿದರು. "ಗಾಜಾದ್ರೆ ಹಲ್ಲಿಗೆ ತಣ್ಣಗೆ ಹತ್ತತ್ತೆ. ಟಿಣ್ ಅನ್ನತ್ತೆ. ಇದು ನೋಡು, ಗುಂಡಿ ಕಡಿದ ಹಾಗಿದೆ."

ಲಾವೋನ್ ಇಸ್ತ್ರಿ ಮಾಡುತ್ತಿದ್ದವಳು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು.

"ಯಾವಾಗ ಗೊತ್ತಾಯ್ತು?"

"ಅವತ್ತೇ. ಎಲ್ರ ಮುಂದೆ ನಿನ್ನ ಮಾನ ಕಳೆಯೋದು ಯಾಕೆ ಅಂತ ಸುಮ್ನಿದ್ದೆ. ಬಟ್ಟೆ ಮೇಲಿನ ಆಸೆ, ಇಟ್ಕೊಳ್ಳಲಿ ಅಂದ್ಕೊಂಡೆ." ಅವರ ಕಣ್ಣು ಕೋಣೆಯನ್ನೆಲ್ಲ ಸುತ್ತಿ, ಬಟ್ಟೆ ಹೊದಿಸಿದ ನಿಲುವುಗನ್ನಡಿಯ ಮೇಲೆ ನಿಂತಿತು. "ಬರ‍್ತಾಳಾ?"

"ಗುರುವಾರ."

"ಕನ್ನಡಿ ಯಾಕೆ ಮುಚ್ಚಿದೀಯ? ಕಾಣಲ್ವಾ ಅದರಲ್ಲಿ?"

"ಕಾಣ್ತಾಳೆ," ಎಂದಳು ಲಾವೋನ್. "ತುಂಬಾ ಚೆನ್ನಾಗಿ ಕಾಣ್ತಾಳೆ. ಒಂದು ತಪ್ಪೂ ಇಲ್ಲ."

ಮಿಸ್ ಕ್ಲೋಟೀಲ್ ತುಂಡನ್ನು ಕರವಸ್ತ್ರದಲ್ಲಿ ಸುತ್ತುತ್ತ ಹೇಳಿದರು:

"ಮೂವತ್ತನಾಲ್ಕನೇ ಇಸವಿ. ನಾವು ಪ್ಯಾಂಟು ಮೊಣಕಾಲವರೆಗೆ ಮಡಚಿ ಮೇಲೆ ಗೌನು ಹಾಕ್ಕೊಂಡು ಬರ್ತಿದ್ವಿ, ಪೊಲೀಸರು ಹಿಡಿದ್ರೆ ಇಳಿಸ್ಕೊಳ್ಳೋಕೆ. ಮೇಲೆ ಬಾಲ್ಕನಿಯಲ್ಲಿ ಬಿಳಿಯರು ಟಿಕೆಟ್ ತಗೊಂಡು ನಮ್ಮನ್ನ ನೋಡೋಕೆ ಕೂತಿರೋರು. ನಮ್ಮ ಜೊತೆ ಆರ್ಮಿಂಟಾ ಅಂತ ಇದ್ಲು. ನ್ಯುಮೋನಿಯಾ ಬಂದು ಹೋದ್ಲು. ಅವಳ ಉಷ್ಟ್ರಪಕ್ಷಿ ಗರಿಯ ಬೀಸಣಿಗೆ ಮುರೀಬೇಕಿತ್ತು. ಅವಳ ಗೆಳತಿ ಮುರೀಲಿಲ್ಲ, ಮುಚ್ಚಿಟ್ಲು. ಮುಂದಿನ ವರ್ಷ ಬಾಲ್‌ಗೆ ಆರ್ಮಿಂಟಾ ಬಂದ್ಲು. ನಾನೇ ನೋಡಿದೀನಿ. ಅದರ ಮುಂದಿನ ವರ್ಷಾನೂ ಬಂದ್ಲು, ನಮ್ಮನ್ನ ನೋಡಿ ಗುರುತು ಸಿಗದೋಳ ಹಾಗೆ ನಕ್ಲು. ಮೂರನೇ ವರ್ಷ ಬಂದಿದ್ದು ಅವಳಲ್ಲ. ಬೀಸಣಿಗೆ ಹಿಡ್ಕೊಂಡು ಇನ್ಯಾರೋ ಬಂದಿದ್ರು."

"ಗೆಳತಿ?"

"ಅವಳಾ? ಅದರ ಜೊತೆಗೇ ಇದ್ಲು. ನಾವು ಬಾಗಿಲು ತಟ್ಟಿದ್ರೆ ತೆಗೀತಿರ್ಲಿಲ್ಲ. ಒಳಗೆ ಮಾತು ಕೇಳ್ತಿತ್ತು, ಅವಳೊಬ್ಬಳದೇ." ಮಿಸ್ ಕ್ಲೋಟೀಲ್ ಕುರ್ಚಿಯ ಕೈ ಹಿಡಿದು ಎದ್ದರು. "ಇದ್ದಷ್ಟು ದಿನ ಐಡೆಲ್ ಆಗಿದ್ಲು. ಐಡೆಲ್ ಆಗೇ ಹೋಗಲಿ ಮಗಾ. ಸೂಟು ಹಾಕಿ ಕಳಿಸಿದ್ದು ಅವಳ ಮನೆಯವರು. ಉಳಿದಿದ್ದನ್ನ ನೀನು ಕಳಿಸಬೇಕು. ಭಾನುವಾರದ ಒಳಗೆ ಕತ್ತರಿಸು."

"ಭಾನುವಾರ ಆದ್ಮೇಲೆ," ಎಂದಳು ಲಾವೋನ್. "ಒಂದ್ಸಲ ಅವಳ ಹೆಸರು ಕೂಗಲಿ ಎಲ್ರೂ. ಆಮೇಲೆ ನೋಡೋಣ."

ಮಿಸ್ ಕ್ಲೋಟೀಲ್ ಬಾಗಿಲಲ್ಲಿ ತಿರುಗಿ ನೋಡಿದರು. "ಆರ್ಮಿಂಟಾಳ ಗೆಳತೀನೂ ಹಿಂಗೇ ಅಂದಿದ್ಲು."

ಭಾನುವಾರ ಚರ್ಚಿನವರು ಊಟ ಮುಗಿಸಿ ಹಾಲ್ ಖಾಲಿ ಮಾಡಿದಾಗ ನಾಲ್ಕು ಗಂಟೆ. ಗೋಡೆಯ ಮೇಲೆ ಅವರ ಕಾಗದದ ಹೂಗಳು ಇನ್ನೂ ಇದ್ದವು. ಸಿಹಿಗೆಣಸಿನ ಕಡುಬಿನ ಪರಿಮಳ, ಅದರ ಮೇಲೆ ಕೂದಲಿಗೆ ಹೊಡೆಯುವ ಸ್ಪ್ರೇ. ಮಿಸ್ ಕ್ಲೋಟೀಲ್ ಬಾಗಿಲಲ್ಲಿ ಕೂತು ಒಳಗೆ ಬಂದವರ ಕೈಗೆ ಮುದ್ರೆ ಒತ್ತುತ್ತಿದ್ದರು. ಲಾವೋನ್‌ಳ ಕೈ ಹಿಡಿದವರು ಒಂದು ಕ್ಷಣ ಹೆಚ್ಚೇ ಹಿಡಿದುಕೊಂಡರು.

"ಬಂದ್ಲಪ್ಪಾ ಗುಹೆಯಿಂದ!" ಎಂದಳು ಷರ್ಮೇನ್, ಆರಡಿ ಮೂರಿಂಚಿನ ಚಿನ್ನದ ಬಣ್ಣದ ಸ್ಯಾಟಿನ್ನು. "ಲೇ, ನಿನ್ನ ವಿಗ್ಗು ನೋಡಿದ್ರೆ ಬೆಕ್ಕು ಬಾಗಿಲಿಗೆ ಸಿಕ್ಕಿಹಾಕ್ಕೊಂಡ ಹಾಗಿದೆ."

"ನಿನ್ನ ಗೌನು ನೋಡಿದ್ರೆ ಸೋಫಾದ ಅಂಗಡಿ ಮುಚ್ಚಿದ ಹಾಗಿದೆ."

ಷರ್ಮೇನ್ ಬಾಯ್ತುಂಬ ನಕ್ಕು ಅವಳನ್ನು ತಬ್ಬಿಕೊಂಡಳು. ಬಿಡುವಾಗ ದನಿ ಇಳಿಸಿದಳು. "ಎಷ್ಟು ಸೊರಗಿದೀಯೇ. ಡಾಕ್ಟರ ಹತ್ರ ಹೋಗಿದ್ಯಾ?"

"ನಂಗೇನೂ ಇಲ್ಲ. ಸುಸ್ತು ಅಷ್ಟೇ."

ವೇದಿಕೆಯ ಹಿಂದೆ ಚರ್ಚಿನವರ ಪಾತ್ರೆಪರಡಿಯ ಕೋಣೆ. ಅದರ ಹಿಂಬಾಗಿಲು ಓಣಿಗೆ ತೆರೆಯುತ್ತಿತ್ತು. ಲಾವೋನ್ ಡಬ್ಬಿಯನ್ನು ಮೇಜಿನ ಮೇಲಿಟ್ಟುಕೊಂಡು ಕಾದಳು. ಓಣಿಯಲ್ಲಿ ಬೂಟಿನ ಸದ್ದು ಕೇಳಿದಾಗ ಅವಳಿಗೆ ಹೆದರಿಕೆಯಾಗಲಿಲ್ಲ, ಸಂತೋಷವೇ ಆಯಿತು. ಆ ಸಂತೋಷವನ್ನು ಆಮೇಲೆ ನೆನೆದಾಗಲೆಲ್ಲ ಅವಳಿಗೆ ಹೆದರಿಕೆಯಾಗುತ್ತಿತ್ತು.

ಕಂದು ಸೂಟು ಮೈಗೆ ಎರಕ ಹೊಯ್ದ ಹಾಗಿತ್ತು. ಲಾಡಿಗಳು ಗಂಟಾಗಿ ಒಣಗಿದ ಬೇರಿನಂತಾಗಿದ್ದವು. ಲಾವೋನ್ ದೊಡ್ಡ ಕತ್ತರಿ ತಂದು ಒಂದೊಂದಾಗಿ ಕತ್ತರಿಸಿದಳು. ಗೌನು ಮಾತ್ರ ತಾನಾಗಿ ಜಾರಿ ಇಳಿಯಿತು, ಬಾವಿಗೆ ಹಗ್ಗ ಬಿಟ್ಟ ಹಾಗೆ. ಗುರುವಾರ ಹಿಡಿದ ಹೊಲಿಗೆ ಭಾನುವಾರಕ್ಕೆ ಮತ್ತೆ ಸಡಿಲ. ಲಾವೋನ್ ಸೊಂಟದ ಹಿಂದೆ ಸೂಜಿ ಚುಚ್ಚಿ ನಿಲ್ಲಿಸಿದಳು.

"ಅಮ್ಮ, ಗೆದ್ದವರು ಮೈಕಲ್ಲಿ ಹೆಸರು ಹೇಳಿ ಟ್ರೋಫಿ ತಗೋಬೇಕು. ನೆನಪಿದೆ ತಾನೇ? ಹೆಸರು, ಮನೆತನ."

"ಹೆಸರು, ಮನೆತನ," ಎಂದಳು ಐಡೆಲ್.

ಗೌನಿನ ಸುತ್ತಿನಲ್ಲಿ ಏಳು ಜನ ನಡೆದರು. ಷರ್ಮೇನ್‌ಗೆ ನಾಲ್ಕು ಹತ್ತು, ಒಂದು ಒಂಬತ್ತು. ಅವಳು ಒಂಬತ್ತು ಹಾಕಿದವಳ ಮುಖದ ಮುಂದೆ ಗೌನಿನ ಅಂಚು ಕೊಡವಿ ಬಂದು ಲಾವೋನ್‌ಳ ಪಕ್ಕ ನಿಂತಳು. ಆಗ ಎಂಟನೆಯವಳು ಪರದೆಯಿಂದ ಹೊರಗೆ ಬಂದಳು.

ಮೊದಲು ಕೇಳಿಸಿದ್ದು ಗಾಜು. ನಾಲ್ಕು ಸಾವಿರ ಮಣಿಗಳು ಒಂದಕ್ಕೊಂದು ತಾಗುವ ಸಣ್ಣ ಸದ್ದು, ದೂರದಲ್ಲಿ ಯಾರೋ ಬಟ್ಟಲು ತೊಳೆಯುತ್ತಿರುವ ಹಾಗೆ. ಹಾಲ್ ಮೆಲ್ಲಗೆ ಮೌನವಾಯಿತು. ನಡಿಗೆ ಐಡೆಲ್‌ಳದೇ. ಎಡಗೈ ಸ್ವಲ್ಪ ಹೊರಗೆ, ಗಲ್ಲ ಕಿಟಕಿಯಿಂದ ಕೆಳಗೆ ನೋಡುವವಳ ಹಾಗೆ. ಆದರೆ ಬದುಕಿದ್ದಾಗ ಅವಳ ಬಲಗಾಲು ಒಂದಿಷ್ಟು ಎಳೆಯುತ್ತಿತ್ತು, ಲಾಂಡ್ರಿಯ ಗಾಡಿ ಹರಿದುಹೋಗಿದ್ದ ಕಾಲು. ಆ ಎಳೆತ ಈಗ ಇರಲಿಲ್ಲ. ಬೆವರು ಇರಲಿಲ್ಲ. ಗೌನಿನಲ್ಲಿ ಒಂದು ಸುಕ್ಕಿರಲಿಲ್ಲ.

ಲಾವೋನ್ ಕಾದಳು. ಈಗ ಯಾರಾದರೂ ಕೂಗುತ್ತಾರೆ. ಹನ್ನೊಂದು ಮಕ್ಕಳಿದ್ದಾರೆ, ಒಬ್ಬರಾದರೂ ಕೂಗುತ್ತಾರೆ.

"ಯಾರೇ ಅವಳು?" ಎಂದಳು ಷರ್ಮೇನ್. "ಫಿಲಡೆಲ್ಫಿಯಾದವಳಾ? ಅಮ್ಮನ ಗೌನಿನ ಹಾಗೇ ಇದೆಯಲ್ಲೇ. ನೀನೇ ಹೊಲಿದುಕೊಟ್ಯಾ? ನಾಚಿಕೆ ಆಗ್ಲಿಲ್ವಾ ನಿಂಗೆ?"

"ಅಮ್ಮನೇ ಕಣೇ ಅದು."

ಷರ್ಮೇನ್ ಅವಳ ಕಡೆ ತಿರುಗಿದಳು. ಅವಳ ಮುಖದಲ್ಲಿ ಕೋಪ ಹೋಗಿ, ಕಾಯಿಲೆಯವರನ್ನು ನೋಡುವ ಮರುಕ ಬಂದಿತ್ತು. "ಲಾವೋನ್," ಎಂದಳು ಮೆತ್ತಗೆ. "ಅಮ್ಮನ ಮುಖ ನಂಗೆ ಗೊತ್ತಾಗಲ್ವಾ?"

ಐದು ಕಾರ್ಡುಗಳು ಒಟ್ಟಿಗೇ ಮೇಲೆದ್ದವು. ಐದರಲ್ಲೂ ಹತ್ತು. ಹಾಲ್ ಸ್ಫೋಟಿಸಿದ ಹಾಗೆ ಕೂಗಿತು. ಕೂಗಿತು, ಆದರೆ ಹೆಸರಿಲ್ಲದ ಬರೀ ಕೂಗು. ಮಿಸ್ ಕ್ಲೋಟೀಲ್ ಮಾತ್ರ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು.

ನಿರೂಪಕ ರಾಸ್ಕೋ ಮೈಕು ಹಿಡಿದು ಅವಳ ಸುತ್ತ ಒಂದು ಪ್ರದಕ್ಷಿಣೆ ಬಂದ. "ನೋಡ್ರಪ್ಪಾ ನೋಡಿ! ಈ ಹೆಂಗಸಿನ ಪಕ್ಕ ನಿಂತ್ರೆ ನನ್ನ ಹೆಂಡ್ತೀನೂ ಗಂಡಸಿನ ಹಾಗೆ ಕಾಣ್ತಾಳೆ. ಅಮ್ಮಣ್ಣೀ, ಟ್ರೋಫಿ ತಗೊಳ್ಳೋ ಮುಂಚೆ ಪದ್ಧತಿ ಗೊತ್ತಲ್ಲ. ಹೆಸರು? ಮನೆತನ?"

ಐಡೆಲ್ ಮೈಕಿಗೆ ಬಾಗಿದಳು. ಲಾವೋನ್‌ಳ ತುಟಿಗಳು ತಾವಾಗಿ ಅಲುಗಿದವು, ಮಗುವಿಗೆ ಪದ ಹೇಳಿಕೊಡುವ ಹಾಗೆ. ಐಡೆಲ್. ಸಪೆಲೊ.

"ಐಸಾಯಾ ಮಂಗಿನ್," ಎಂದಿತು ಆ ಬಾಯಿ. ಬ್ಯೂಫರ್ಟ್‌ನ ಪಾದ್ರಿ ಹೇಳಿದಷ್ಟೇ ನಿಧಾನವಾಗಿ, ಅವನದೇ ಏರಿಳಿತದಲ್ಲಿ. "ಹೆತ್ತವರ ಮನೆ."

ಇಡೀ ಹಾಲ್ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಇಷ್ಟು ಹೊತ್ತು ಹೆಣ್ಣಾಗಿ ನಡೆದು, ಗೆದ್ದ ಮೇಲೆ ಪೊಲೀಸರಿಗೆ ಹೇಳುವ ಗಂಡು ಹೆಸರನ್ನು ಹೇಳುವುದೆಂದರೆ! ರಾಸ್ಕೋ ನೆಲಕ್ಕೆ ಕೂತು ನಕ್ಕ. ಷರ್ಮೇನ್ ಕೂಡ ಕಣ್ಣೊರೆಸಿಕೊಂಡಳು. ಆ ನಗುವಿನ ನಡುವೆ ನೀಲಿ ಗೌನು ಟ್ರೋಫಿಯನ್ನು ಮುಟ್ಟದೆ ತಿರುಗಿ ಪರದೆಯ ಹಿಂದೆ ಹೋಯಿತು.

ಲಾವೋನ್ ಕೋಣೆಗೆ ಹೋದಾಗ ಅದು ಸೋಡಾ ಬಾಟಲಿಗಳ ಪೆಟ್ಟಿಗೆಯ ಮೇಲೆ ಕೂತಿತ್ತು. ಬಾಗಿಲು ಹಾಕಿ ಚಿಲಕ ಸರಿಸಿದಳು. ನಗು ಗೋಡೆಯಾಚೆಗೆ ಸರಿಯಿತು. ಮೇಲಿನ ಸಣ್ಣ ಕಿಟಕಿಯಿಂದ ಸಂಜೆಯ ಬೆಳಕು ಬಿದ್ದು ಮಣಿಗಳೆಲ್ಲ ಮಿನುಗುತ್ತಿದ್ದವು. ಸೊಂಟದಲ್ಲಿ ಚುಚ್ಚಿದ್ದ ಸೂಜಿಗಳು ನೆಲದ ಮೇಲೆ ಬಿದ್ದಿದ್ದವು. ಗೌನು ನಿಂತಿದ್ದದ್ದು ಈಗ ತನ್ನದೇ ಭಾರದಲ್ಲಿ.

"ನಿನ್ನ ಹೆಸರು ಐಡೆಲ್," ಎಂದಳು ಲಾವೋನ್. "ಐಡೆಲ್ ಸಪೆಲೊ."

"ಹೌದಾ? ಸರಿ." ದನಿ ಮತ್ತೆ ಅಮ್ಮನದಾಗಿತ್ತು, ಮೊದಲಿಗಿಂತ ಮೃದು. "ನೀನು ಹಂಗೇ ಕರಿ. ನಂಗೇನಂತೆ."

ಲಾವೋನ್ ಮೇಜಿನ ಮೇಲಿನ ಕತ್ತರಿ ಎತ್ತಿಕೊಂಡಳು. ಲಾಡಿಗಳ ಎಳೆ ಇನ್ನೂ ಅದರ ಬಾಯಲ್ಲಿತ್ತು. ಏಳು ತಿಂಗಳ ಕೆಲಸ. ಇನ್ನೊಂದು ಸಲ ಇಂಥದ್ದನ್ನು ಅವಳು ಹೊಲಿಯಲಾರಳು. ಇನ್ನೊಬ್ಬ ಅಮ್ಮನೂ ಅವಳಿಗೆ ಸಿಗುವುದಿಲ್ಲ.

"ಅದು ಯಾಕೆ?" ಎಂದಿತು ಪೆಟ್ಟಿಗೆಯ ಮೇಲೆ ಕೂತದ್ದು. "ಕೂತ್ಕೋ. ನಿಂಗೆ ಏನು ಬೇಕು ಅಂತ ನಂಗೊತ್ತು. ಎಲ್ರೂ ನಿನ್ನ ಬಿಟ್ಟು ಹೋದ್ರು. ಅಪ್ಪ ಹೊರಗೆ ಹಾಕ್ದ. ಈ ರೋಗ ಇನ್ನೂ ಎಷ್ಟು ಜನರನ್ನ ತಗೊಂಡು ಹೋಗತ್ತೋ. ಆ ಉದ್ದ ಹುಡುಗೀನೂ ಉಳಿಯಲ್ಲ. ನಾನು ಹೋಗಲ್ಲ. ಪ್ರತಿ ಗುರುವಾರ ಮೂರು ಗಂಟೆಗೆ ಬರ್ತೀನಿ. ನೀನು ಇರೋವರೆಗೂ."

ಹದಿಮೂರು ತಿಂಗಳಿಂದ ಲಾವೋನ್ ದೇವರನ್ನು ಕೇಳಿಕೊಂಡದ್ದು ಇದನ್ನೇ, ಬಹುಶಃ ಇದೇ ಮಾತುಗಳಲ್ಲಿ.

"ನಿನ್ನ ಮರೀತೀನಿ ಅಂದ್ಕೊಂಡ್ಯಾ?" ಅದು ಕೈ ಚಾಚಿತು. ಬೆರಳುಗಳು ತಿದ್ದಿದ ಹಾಗೆ ಸಮವಾಗಿದ್ದವು. ಐಡೆಲ್‌ಳ ಕಿರುಬೆರಳು ಸೊಟ್ಟಗಿತ್ತು. "ಬಸ್ ನಿಲ್ದಾಣ. ನಿಂಗೆ ಹದಿನಾರು. ಎರಡು ದಿನದಿಂದ ಒಂದೇ ಬೆಂಚಲ್ಲಿ ಕೂತಿದ್ದೆ. ಆ ಅಂಗಿ ಯಾರೇ ಹೊಲಿದಿದ್ದು, ಕುರುಡನಾ, ಅಂದೆ ನಾನು. ನನ್ನ ಹಸಿರು ಕೋಟು ಬಿಚ್ಚಿ ನಿಂಗೆ ಹೊದಿಸಿದೆ."

ಐಡೆಲ್‌ಳ ಕೋಟು ಕೆಂಪಗಿತ್ತು.

ಅವಳು ಮೊಣಕಾಲೂರಿ, ಗೌನಿನ ಅಂಚನ್ನು ಎಡಗೈಯಲ್ಲಿ ಹಿಡಿದು, ಕತ್ತರಿಯ ಬಾಯಿ ತೆರೆದಳು.

"ಕೆಳಗಿಡು ಅದನ್ನ, ಮಗಳೇ," ಎಂದಿತು ಅದು, ಅವಳ ತಲೆಯ ಮೇಲಿನಿಂದ, ಎಲ್ಲಿಲ್ಲದ ಪ್ರೀತಿಯಲ್ಲಿ. "ಈ ಗುರುವಾರ ಬರ್ತೀನಿ ಅಂದೆನಲ್ಲ."

"ಬೇಡ," ಎಂದಳು ಲಾವೋನ್. "ಬರಬೇಡ."